ಹಿತ್ತಲಲ್ಲಿ ಕಾರ್ನಿಶ್ ಕೋಳಿ: ಮಾಂಸಕ್ಕೆ ರಾಜ, ಮರಿ ಮಾಡಿಸುವುದೇ ಸವಾಲು; ಕೇರಳದ ಮನೆಯಂಗಳಕ್ಕೆ ಯಾವುದು ಸರಿ?

ಕೊಚ್ಚಿ, ತಿರುವನಂತಪುರಂ: ಅಗಲವಾದ ಎದೆ, ಗಿಡ್ಡ ಕಾಲು, ಮೈಗೆ ಅಂಟಿಕೊಂಡಂತಿರುವ ಪುಕ್ಕ. ದೂರದಿಂದ ನೋಡಿದರೆ ಕೋಳಿಗಿಂತ ಪುಟ್ಟ ಕುಸ್ತಿಪಟುವಿನಂತೆ ಕಾಣುವ ಹಕ್ಕಿ ಕಾರ್ನಿಶ್. ಇಂದು ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಬ್ರಾಯ್ಲರ್ ಕೋಳಿಯ ಮೈಯಲ್ಲಿ ಇದರ ರಕ್ತವಿದೆ. ಹಾಗಾಗಿಯೇ ಮನೆಯ ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿ, ಸ್ವಂತವಾಗಿ ಮರಿ ಮಾಡಿಸಿ, ಮನೆಗೆ ಬೇಕಾದ ಮಾಂಸವನ್ನು ತಾವೇ ಬೆಳೆಯಬೇಕೆನ್ನುವವರ ಕಣ್ಣು ಮೊದಲು ಬೀಳುವುದು ಈ ತಳಿಯ ಮೇಲೆ.

ಆದರೆ ಕಾರ್ನಿಶ್ ಸಾಕುವುದು ಒಂದು ಕೆಲಸ, ಕಾರ್ನಿಶ್‌ನಿಂದ ಕಾರ್ನಿಶ್ ಪಡೆಯುವುದು ಇನ್ನೊಂದು ಕೆಲಸ. ಮಾಂಸಕ್ಕಾಗಿ ಮೆಚ್ಚಿಕೊಂಡ ಅಗಲ ಎದೆಯೇ ಮರಿ ಮಾಡಿಸುವಾಗ ಅಡ್ಡಿಯಾಗುತ್ತದೆ. ಕೇರಳದಂತಹ ಸೆಖೆ ಮತ್ತು ತೇವದ ಹವೆಯಲ್ಲಿ ಈ ಅಡ್ಡಿ ಇನ್ನಷ್ಟು ದೊಡ್ಡದು. ಈ ತಳಿ ಎಲ್ಲಿಂದ ಬಂತು, ಹತ್ತು ಸೆಂಟು ಜಾಗದ ಮನೆಯಲ್ಲಿ ಇದನ್ನು ಹೇಗೆ ಸಾಕಬಹುದು, ಇದಕ್ಕೆ ಪರ್ಯಾಯ ಏನು ಎಂಬ ಮಾಹಿತಿ ಇಲ್ಲಿದೆ.

ಹೆಸರು ಇಂಗ್ಲೆಂಡಿನದು, ರಕ್ತ ಭಾರತದ್ದು

ಕಾರ್ನಿಶ್ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತ್ಯದಿಂದ. ಆದರೆ ಬ್ರಿಟನ್ನಿನಲ್ಲಿ ಇಂದಿಗೂ ಈ ತಳಿಯನ್ನು ಕರೆಯುವುದು 'ಇಂಡಿಯನ್ ಗೇಮ್' ಎಂದೇ. ಇದಕ್ಕೆ ಕಾರಣ ಇದರ ಮೂಲದಲ್ಲಿರುವ ನಮ್ಮ ಅಸೀಲ್ ಕೋಳಿ.

ಭಾರತದಲ್ಲಿ ಸೇನಾಧಿಕಾರಿಯಾಗಿದ್ದ, ಕಾರ್ನ್‌ವಾಲ್‌ನ ಬೋಡ್ಮಿನ್ ಊರಿನ ವಾಲ್ಟರ್ ರಾಲಿ ಗಿಲ್ಬರ್ಟ್ ಅವರು 19ನೇ ಶತಮಾನದ ಆರಂಭದಲ್ಲಿ ಈ ತಳಿಯನ್ನು ರೂಪಿಸಿದರು ಎಂಬುದು ಪ್ರಚಲಿತ ಮಾಹಿತಿ. ಭಾರತದ ಅಸೀಲ್, ಇಂಗ್ಲೆಂಡಿನ ಹಳೆಯ ಕಾಳಗದ ಕೋಳಿ ಮತ್ತು ಎತ್ತರದ ಮಲಯ ಕೋಳಿ, ಈ ಮೂರರ ಮಿಶ್ರಣವೇ ಕಾರ್ನಿಶ್. ಉದ್ದೇಶ ಇದ್ದದ್ದು ಬಲಶಾಲಿ ಕಾಳಗದ ಹುಂಜ ಪಡೆಯುವುದು. ತುಳುನಾಡಿನ ಕೋಳಿ ಅಂಕ ನೋಡಿದವರಿಗೆ ಅಂಥ ಹುಂಜದ ಚುರುಕು ಹೇಗಿರಬೇಕೆಂದು ಗೊತ್ತು. ಕಾರ್ನಿಶ್‌ಗೆ ಆ ಚುರುಕು ಬರಲಿಲ್ಲ, ಮೈ ಮಾತ್ರ ತುಂಬಿಕೊಂಡಿತು. ಕಣದಲ್ಲಿ ಸೋತ ಹಕ್ಕಿ ಅಡುಗೆಮನೆಯಲ್ಲಿ ಗೆದ್ದಿತು.

1893ರಲ್ಲಿ ಅಮೆರಿಕದ ಕೋಳಿ ತಳಿಗಳ ಅಧಿಕೃತ ಪಟ್ಟಿಗೆ ಈ ತಳಿ ಸೇರಿತು. ಮುಂದೆ ಅಲ್ಲಿ 'ಇಂಡಿಯನ್' ಎಂಬ ಪದ ಕೈಬಿಟ್ಟು ಬರೀ 'ಕಾರ್ನಿಶ್' ಉಳಿಯಿತು. ಕಡು ಬಣ್ಣ, ಬಿಳಿ, ಕೆಂಪು ಮೈಗೆ ಬಿಳಿ ಅಂಚು, ತಿಳಿ ಕಂದು ಎಂಬ ನಾಲ್ಕು ಬಣ್ಣಗಳು ಅಮೆರಿಕದಲ್ಲಿ ಮಾನ್ಯತೆ ಪಡೆದಿವೆ.

ಬ್ರಾಯ್ಲರ್ ಕೋಳಿಯ ಅಪ್ಪನ ಕಡೆ

ಎರಡನೇ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ 'ನಾಳೆಯ ಕೋಳಿ' ಎಂಬ ಸ್ಪರ್ಧೆ ನಡೆಯಿತು. ಕಡಿಮೆ ದಿನದಲ್ಲಿ ಹೆಚ್ಚು ಎದೆಮಾಂಸ ಕೊಡುವ ಕೋಳಿ ಯಾವುದು ಎಂಬುದೇ ಸ್ಪರ್ಧೆಯ ಪ್ರಶ್ನೆ. 1948ರ ರಾಷ್ಟ್ರೀಯ ಸುತ್ತಿನಲ್ಲಿ ಗೆದ್ದದ್ದು ಚಾರ್ಲ್ಸ್ ವಾಂಟ್ರೆಸ್ ಅವರ ಕೋಳಿ. ಅದು ಕಾರ್ನಿಶ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿಗಳ ಮಿಶ್ರಣವಾಗಿತ್ತು. 1951ರಲ್ಲೂ ಅವರೇ ಗೆದ್ದರು. ಆನಂತರ ಕಾರ್ನಿಶ್ ಮೂಲದ ಹುಂಜ, ಬಿಳಿ ಪ್ಲಿಮತ್ ರಾಕ್ ಮೂಲದ ಹೇಟೆ ಎಂಬ ಜೋಡಿಯೇ ಜಗತ್ತಿನ ಬ್ರಾಯ್ಲರ್ ಉದ್ಯಮದ ಅಡಿಪಾಯವಾಯಿತು.

ಇಲ್ಲೊಂದು ಗೊಂದಲ ಸಾಮಾನ್ಯ. ಅಂತರ್ಜಾಲದಲ್ಲಿ 'ಕಾರ್ನಿಶ್ ಕ್ರಾಸ್' ಎಂದು ಹುಡುಕಿದರೆ ಸಿಗುವುದು ಶುದ್ಧ ಕಾರ್ನಿಶ್ ಅಲ್ಲ, ಬಿಳಿ ಬ್ರಾಯ್ಲರ್. ಅಮೆರಿಕದ ಅಂಗಡಿಗಳಲ್ಲಿ 'ಕಾರ್ನಿಶ್ ಹೆನ್' ಎಂದು ಮಾರುವುದು ಕೂಡ ಎಳೆಯ ಬ್ರಾಯ್ಲರನ್ನೇ. ಹೆಸರಿನಲ್ಲಿ ಹೇಟೆ ಎಂದಿದ್ದರೂ ಅದು ಹುಂಜವೂ ಆಗಿರಬಹುದು. ಹೀಗಾಗಿ 'ಕಾರ್ನಿಶ್ ಮರಿ' ಎಂದು ಯಾರಾದರೂ ಮಾರಲು ಬಂದರೆ ಅದು ಶುದ್ಧ ತಳಿಯೋ, ಬ್ರಾಯ್ಲರ್ ಮರಿಯೋ ಎಂದು ಮೊದಲು ಕೇಳಬೇಕು. ತಂದೆ ತಾಯಿ ಹಕ್ಕಿಗಳನ್ನು ಕಣ್ಣಾರೆ ನೋಡುವುದು ಇನ್ನೂ ಉತ್ತಮ.

ಎರಡಕ್ಕೂ ವ್ಯತ್ಯಾಸ ದೊಡ್ಡದು. ಬ್ರಾಯ್ಲರ್ ಮರಿ ಆರು ವಾರದಲ್ಲಿ 2 ಕಿಲೋ ದಾಟುತ್ತದೆ. ಶುದ್ಧ ಕಾರ್ನಿಶ್ ಅಷ್ಟು ವೇಗವಾಗಿ ಬೆಳೆಯುವುದಿಲ್ಲ, ಮಾಂಸಕ್ಕೆ ಬರಲು ಹಲವು ತಿಂಗಳು ಬೇಕು. ಅಮೆರಿಕದ ಮಾನದಂಡದ ಪ್ರಕಾರ ಪೂರ್ತಿ ಬೆಳೆದ ಹುಂಜ ಸುಮಾರು 4.8 ಕಿಲೋ, ಹೇಟೆ ಸುಮಾರು 3.6 ಕಿಲೋ ತೂಗುತ್ತದೆ. ಇನ್ನು ಬ್ರಾಯ್ಲರನ್ನು ಮರಿ ಮಾಡಿಸಲೆಂದು ಹೊಟ್ಟೆ ತುಂಬ ಮೇವು ಹಾಕಿ ತಿಂಗಳುಗಟ್ಟಲೆ ಇಟ್ಟುಕೊಂಡರೆ ಕಾಲು ಸೋಲುತ್ತವೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಬೇಸಿಗೆಯ ಒಂದು ಮಧ್ಯಾಹ್ನ ಹೃದಯವೇ ನಿಲ್ಲುತ್ತದೆ.

ಕೇರಳದ ಹವೆಯಲ್ಲಿ ಎದುರಾಗುವ ಕಷ್ಟ

ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಮೈಯ ಶಾಖ ಹೊರಹೋಗಬೇಕಾದರೆ ಬಾಯಿ ತೆರೆದು ಏದುಸಿರು ಬಿಡಬೇಕು, ಇಲ್ಲವೇ ಜುಟ್ಟು, ಗಲ್ಲದ ಜೋಲು, ಪುಕ್ಕವಿಲ್ಲದ ಚರ್ಮದ ಮೂಲಕ ಶಾಖ ಬಿಡಬೇಕು. ಕಾರ್ನಿಶ್‌ಗೆ ಇರುವುದು ಬಟಾಣಿ ಕಾಳುಗಳನ್ನು ಸಾಲಾಗಿ ಜೋಡಿಸಿದಂತಹ ಪುಟ್ಟ ಜುಟ್ಟು. ಚಳಿ ಪ್ರದೇಶದಲ್ಲಿ ಇದು ಒಳ್ಳೆಯದು, ಸೆಖೆಯಲ್ಲಿ ಅಲ್ಲ. ಜೊತೆಗೆ ದಪ್ಪ ಮಾಂಸಖಂಡದ ಮೈ ಹೆಚ್ಚು ಶಾಖ ಉತ್ಪಾದಿಸುತ್ತದೆ.

ಮಾರ್ಚ್‌ನಿಂದ ಮೇವರೆಗೆ ಕೊಚ್ಚಿ, ತಿರುವನಂತಪುರದಲ್ಲಿ ಉಷ್ಣಾಂಶ 33ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಿಗೆ ಹೋಲಿಸಿದರೆ ಇದು ಕಡಿಮೆ ಎನಿಸಬಹುದು. ಆದರೆ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ತೇವ ಹೆಚ್ಚಿದ್ದಾಗ ಕೋಳಿ ಎಷ್ಟೇ ಏದುಸಿರು ಬಿಟ್ಟರೂ ಮೈ ತಣಿಯುವುದಿಲ್ಲ. ಒಣ ಊರುಗಳಲ್ಲಿ ಗೂಡಿನೊಳಗೆ ನೀರಿನ ತುಂತುರು ಹಾಯಿಸುವ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಕೊಚ್ಚಿಯಲ್ಲಿ ಅದೇ ತುಂತುರು ತೇವವನ್ನು ಇನ್ನಷ್ಟು ಏರಿಸುತ್ತದೆ. ಇಲ್ಲಿ ಬೇಕಾದದ್ದು ಗಾಳಿ: ನಾಲ್ಕೂ ಕಡೆ ಜಾಲರಿ, ಎತ್ತರದ ಮಾಡು, ತೆಂಗಿನ ನೆರಳು, ಅಗತ್ಯಬಿದ್ದರೆ ಒಂದು ಫ್ಯಾನ್.

ಮಳೆಗಾಲದ್ದು ಬೇರೆ ಪಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು, ಅದು ಮುಗಿಯುತ್ತಿದ್ದಂತೆ ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು. ನೆಲದ ಹೊಟ್ಟು ಒದ್ದೆಯಾದರೆ ಅಮೋನಿಯಾ ವಾಸನೆ, ರಕ್ತಭೇದಿ, ಪಾದದ ಬಾವು ಒಂದರ ಹಿಂದೆ ಒಂದು ಬರುತ್ತವೆ. ಭಾರದ ತಳಿಗಳಿಗೆ ಪಾದದ ಬಾವು ಬೇಗ ಅಂಟಿಕೊಳ್ಳುತ್ತದೆ.

ಮರಿ ಮಾಡಿಸುವಲ್ಲಿನ ತೊಡಕುಗಳು

ಕಾರ್ನಿಶ್ ಹೇಟೆ ಮೊಟ್ಟೆಗೆ ಹೆಸರಾದದ್ದಲ್ಲ. ವಂಶಾವಳಿ ಮತ್ತು ಆರೈಕೆಗೆ ಅನುಗುಣವಾಗಿ ಇಳುವರಿ ಬಹಳ ಬದಲಾದರೂ, ಹಿತ್ತಲಿನ ಲೆಕ್ಕಕ್ಕೆ ವರ್ಷಕ್ಕೆ 80 ಮೊಟ್ಟೆ ಎಂದು ಇಟ್ಟುಕೊಳ್ಳುವುದು ಕ್ಷೇಮ. ಮೊಟ್ಟೆಯ ಬಣ್ಣ ಕಂದು.

ಎರಡನೇ ತೊಡಕು ಹುಂಜದ ದೇಹರಚನೆ. ಅಗಲ ಎದೆ, ದೂರ ದೂರ ನೆಟ್ಟ ಗಿಡ್ಡ ಕಾಲುಗಳ ಹುಂಜಕ್ಕೆ ಹೇಟೆಯ ಜೊತೆ ಕೂಡುವುದೇ ಕಷ್ಟ. ಮೈ ಹೆಚ್ಚು ತುಂಬಿದಷ್ಟೂ ಮರಿಯಾಗದ ಮೊಟ್ಟೆಗಳ ಸಂಖ್ಯೆ ಏರುತ್ತದೆ. ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವ ಅತಿ ಅಗಲದ ಹುಂಜ ತಂದೆಯಾಗಿ ಸೋಲುವುದು ಇದೇ ಕಾರಣಕ್ಕೆ.

ಮೂರನೆಯದು ವಂಶವಾಹಿಯ ವಿಚಾರ. ಕಡು ಬಣ್ಣದ ಕಾರ್ನಿಶ್‌ನ ಕೆಲವು ವಂಶಗಳಲ್ಲಿ ಕಾಲನ್ನು ಗಿಡ್ಡ ಮಾಡುವ ಮಾರಕ ವಂಶವಾಹಿ ಇರುವುದನ್ನು 1930ರ ದಶಕದಲ್ಲೇ ವಿಜ್ಞಾನಿಗಳು ಗುರುತಿಸಿದ್ದಾರೆ. ಒಂದೇ ಪ್ರತಿ ಇದ್ದರೆ ಕೋಳಿ ಗಿಡ್ಡ ಕಾಲಿನೊಂದಿಗೆ ಬದುಕುತ್ತದೆ. ತಂದೆ ತಾಯಿ ಇಬ್ಬರಲ್ಲೂ ಇದ್ದರೆ ನಾಲ್ಕರಲ್ಲಿ ಒಂದು ಭ್ರೂಣ ಎರಡು ಪ್ರತಿ ಪಡೆದು ಮೊಟ್ಟೆಯೊಳಗೇ ಸಾಯುತ್ತದೆ. ಅತಿ ಗಿಡ್ಡ ಕಾಲಿನ ಹುಂಜಕ್ಕೆ ಅತಿ ಗಿಡ್ಡ ಕಾಲಿನ ಹೇಟೆಯನ್ನು ಜೋಡಿಸಬಾರದು ಎಂಬ ಹಳೆಯ ಸಾಕಣೆದಾರರ ಮಾತಿಗೆ ಹೀಗೆ ವಿಜ್ಞಾನದ ಆಧಾರವೂ ಇದೆ.

ಮೇವಿನ ಲೆಕ್ಕ ಹಾಕಿದರೆ ತಿಳಿಯುತ್ತದೆ

ಒಂದು ಹುಂಜ, ಆರು ಹೇಟೆಯ ಗುಂಪು ಎಂದುಕೊಳ್ಳೋಣ. ತಲೆಗೆ ದಿನಕ್ಕೆ 130 ಗ್ರಾಂ ಮೇವು ಎಂದರೆ ದಿನಕ್ಕೆ 910 ಗ್ರಾಂ, ತಿಂಗಳಿಗೆ ಸುಮಾರು 27 ಕಿಲೋ, ವರ್ಷಕ್ಕೆ ಸುಮಾರು 330 ಕಿಲೋ. ಹೇಟೆಗೆ 80ರಂತೆ ಮೊಟ್ಟೆ ವರ್ಷಕ್ಕೆ 480. ಎಲ್ಲವನ್ನೂ ಕಾವಿಗೆ ಇಟ್ಟು ನೂರಕ್ಕೆ 60 ಮರಿಯಾದರೆ 288 ಮರಿ. ಅಂದರೆ ಒಂದು ಮರಿ ಹೊರಬರುವ ಹೊತ್ತಿಗೆ ತಂದೆ ತಾಯಿ ಕೋಳಿಗಳು 1 ಕಿಲೋಗಿಂತ ಹೆಚ್ಚು ಮೇವು ತಿಂದಿರುತ್ತವೆ.

ಅದೇ ಜಾಗದಲ್ಲಿ ವರ್ಷಕ್ಕೆ 150 ಮೊಟ್ಟೆ ಇಡುವ ಹೇಟೆಗಳಿದ್ದು, ನೂರಕ್ಕೆ 75 ಮರಿಯಾದರೆ 675 ಮರಿ ಸಿಗುತ್ತವೆ. ಆಗ ಮರಿಯೊಂದಕ್ಕೆ ತಗಲುವ ಮೇವು ಅರ್ಧ ಕಿಲೋ ಮಾತ್ರ. ಬ್ರಾಯ್ಲರ್ ಉದ್ಯಮ ಕಾರ್ನಿಶ್ ರಕ್ತವನ್ನು ಹುಂಜದ ಕಡೆಯಿಂದ ಮಾತ್ರ ತಂದು, ಮೊಟ್ಟೆ ಇಡುವ ಕೆಲಸವನ್ನು ಬೇರೆ ತಳಿಯ ಹೇಟೆಗೆ ವಹಿಸಿದ ಗುಟ್ಟು ಇಷ್ಟೇ. ಹಿತ್ತಲಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಕಾರ್ನಿಶ್ ರಕ್ತ ಈಗಾಗಲೇ ನಮ್ಮ ಹಿತ್ತಲಲ್ಲಿದೆ

ಶುದ್ಧ ಕಾರ್ನಿಶ್‌ಗೆ ಹುಡುಕಾಡುವ ಮೊದಲು ಗಮನಿಸಬೇಕಾದ ಸಂಗತಿಯೊಂದಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ 'ಗಿರಿರಾಜ' ಕೋಳಿಯ ಮೂಲ ತಳಿಗಳಲ್ಲಿ ಕೆಂಪು ಕಾರ್ನಿಶ್ ಕೂಡ ಒಂದು. ಹೈದರಾಬಾದ್‌ನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ 'ವನರಾಜ' ಕೋಳಿಯ ತಂದೆ ವಂಶವೂ ಕೆಂಪು ಕಾರ್ನಿಶ್‌ನಿಂದ ಬಂದದ್ದು. ಭಾರತದ ಅಸೀಲ್ ಇಂಗ್ಲೆಂಡಿಗೆ ಹೋಗಿ ಕಾರ್ನಿಶ್ ಆಗಿ, ಮರಳಿ ಬಂದು ಗಿರಿರಾಜ, ವನರಾಜಗಳಲ್ಲಿ ಸೇರಿಕೊಂಡಿದೆ.

ಈ ಕೋಳಿಗಳು ಬಣ್ಣಬಣ್ಣದ ಪುಕ್ಕದವು, ಹಿತ್ತಲಲ್ಲಿ ಕೆದಕಿ ತಿನ್ನಬಲ್ಲವು. ಗಿರಿರಾಜ ವರ್ಷಕ್ಕೆ ಸುಮಾರು 130ರಿಂದ 150, ವನರಾಜ ಸುಮಾರು 100ರಿಂದ 110 ಮೊಟ್ಟೆ ಕೊಡುತ್ತವೆ. ಮಾಂಸವೂ ನಾಟಿ ಕೋಳಿಗಿಂತ ಬೇಗ ಕೈಗೆ ಬರುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಇವು ಬೇರೆ ಬೇರೆ ವಂಶಗಳನ್ನು ಬೆರೆಸಿ ಪಡೆದ ಮಿಶ್ರತಳಿಗಳು. ಇವುಗಳ ಮೊಟ್ಟೆಯನ್ನು ಮನೆಯಲ್ಲಿ ಕಾವಿಗೆ ಇಟ್ಟರೆ ಮರಿ ಬರುತ್ತದೆ, ಆದರೆ ತಾಯಿಯಂತೆಯೇ ಇರುವುದಿಲ್ಲ. ಕೆಲವು ಭಾರ, ಕೆಲವು ಹಗುರ, ಕೆಲವು ಕಡಿಮೆ ಮೊಟ್ಟೆಯವು ಹುಟ್ಟುತ್ತವೆ. ಆದ್ದರಿಂದ ಒಂದೇ ಸಮನಾದ ಕೋಳಿ ಬೇಕಾದವರು ಪ್ರತಿ ಸಲವೂ ಹೊಸ ಮರಿಗಳನ್ನು ಹ್ಯಾಚರಿಯಿಂದಲೇ ತರಬೇಕಾಗುತ್ತದೆ.

ಕೊಚ್ಚಿ, ತಿರುವನಂತಪುರದಲ್ಲಿ ಮರಿ, ತರಬೇತಿ ಎಲ್ಲಿ?

ತಿರುವನಂತಪುರದ ಕುಡಪ್ಪನಕುನ್ನು ಮತ್ತು ಎರ್ನಾಕುಲಂ ಜಿಲ್ಲೆಯ ಪೆರುಂಬಾವೂರು ಸಮೀಪದ ಕೂವಪ್ಪಡಿಯಲ್ಲಿ ಕೇರಳ ಪಶುಸಂಗೋಪನಾ ಇಲಾಖೆಯ ಪ್ರಾದೇಶಿಕ ಕೋಳಿ ಫಾರಂಗಳಿವೆ. ಚೆಂಗನ್ನೂರಿನಲ್ಲಿ ಇಲಾಖೆಯ ಕೇಂದ್ರ ಹ್ಯಾಚರಿ ಇದೆ. ಕುಡಪ್ಪನಕುನ್ನು ಮತ್ತು ಆಲುವಾದಲ್ಲಿ ಜಾನುವಾರು ನಿರ್ವಹಣಾ ತರಬೇತಿ ಕೇಂದ್ರಗಳಿವೆ. ಮರಿಗೆ ಮುಂಚಿತವಾಗಿಯೇ ಹೆಸರು ಬರೆಸಿಡುವುದು ಒಳ್ಳೆಯದು.

ತ್ರಿಶೂರಿನ ಮಣ್ಣುತ್ತಿಯಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೋಳಿ ಸಂಶೋಧನಾ ಕೇಂದ್ರ 'ಗ್ರಾಮಲಕ್ಷ್ಮಿ', 'ಗ್ರಾಮಶ್ರೀ' ತಳಿಗಳನ್ನು ಕೇರಳದ ಹಿತ್ತಲಿಗೆಂದೇ ರೂಪಿಸಿದೆ. ತಿರುವನಂತಪುರದ ಪೇಟ್ಟದಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೇರಳ ರಾಜ್ಯ ಕುಕ್ಕುಟ ಅಭಿವೃದ್ಧಿ ನಿಗಮ, ಅಂದರೆ ಕೆಪ್ಕೊ, ನಗರವಾಸಿಗಳಿಗಾಗಿ ಗೂಡಿನ ಸಮೇತ ಕೋಳಿ ಕೊಡುವ 'ನಗರಪ್ರಿಯ' ಯೋಜನೆಯನ್ನು ನಡೆಸಿದೆ. ಇವೆಲ್ಲ ಮುಖ್ಯವಾಗಿ ಮೊಟ್ಟೆಗಾಗಿ ಇರುವ ವ್ಯವಸ್ಥೆಗಳು. ಆದರೆ ಮಾಂಸಕ್ಕಾಗಿ ಮಿಶ್ರತಳಿ ಮಾಡುವವರಿಗೆ ತಾಯಿ ಹೇಟೆಗಳು ಸಿಗುವ ಜಾಗವೂ ಇವೇ.

ವಿದೇಶದಿಂದ ಕಾರ್ನಿಶ್ ಮೊಟ್ಟೆ ತರಿಸಿಕೊಡುತ್ತೇವೆ ಎನ್ನುವವರ ಬಗ್ಗೆ ಎಚ್ಚರ ಇರಲಿ. ಜೀವಂತ ಕೋಳಿ, ಮರಿ, ಕಾವಿಗಿಡುವ ಮೊಟ್ಟೆ ಆಮದಿಗೆ ಕೇಂದ್ರ ಪಶುಸಂಗೋಪನಾ ಇಲಾಖೆಯ ಆರೋಗ್ಯ ಪರವಾನಗಿ ಬೇಕು. ಚೀಲದಲ್ಲಿ ಹಾಕಿಕೊಂಡು ಬರುವ ವಸ್ತು ಇದಲ್ಲ.

ತಿರುವನಂತಪುರದ ಬರಿಗೊರಳ ಕೋಳಿ

ಸೆಖೆಗೆ ಉತ್ತರವೂ ಇದೇ ಊರಿನಲ್ಲಿದೆ. ಕೊರಳಲ್ಲಿ ಪುಕ್ಕವಿಲ್ಲದ 'ಬರಿಗೊರಳ' ಕೋಳಿಯ ತವರು ತಿರುವನಂತಪುರ ಪ್ರದೇಶ ಎಂದು ಭಾರತೀಯ ಕೋಳಿ ತಳಿಗಳ ದಾಖಲೆಗಳು ಹೇಳುತ್ತವೆ. ಈ ಗುಣ ಒಂದೇ ವಂಶವಾಹಿಯಿಂದ ಬರುವಂಥದ್ದು, ಪ್ರಬಲ ಗುಣ. ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಮರಿಯ ಪುಕ್ಕ ಕಡಿಮೆಯಾಗುತ್ತದೆ. ಇಬ್ಬರಿಂದಲೂ ಬಂದರೆ ಪುಕ್ಕ ಸುಮಾರು 40% ಕಡಿಮೆ. ಮೈಯ ಶಾಖ ಬರಿಯ ಚರ್ಮದಿಂದ ಸುಲಭವಾಗಿ ಹೊರಹೋಗುತ್ತದೆ.

ಭಾರದ ಹುಂಜಕ್ಕೆ ಬರಿಗೊರಳ ಹೇಟೆ ಜೋಡಿಸಿದರೆ ಸೆಖೆ ತಡೆಯುವ, ಮೈತುಂಬಿದ ಮರಿಗಳು ಸಿಗುವ ಸಾಧ್ಯತೆ ಇದೆ. ಬರಿಗೊರಳ ಕೋಳಿ ವರ್ಷಕ್ಕೆ ಸುಮಾರು 100 ಮೊಟ್ಟೆ ಇಡುತ್ತದೆ. ನೋಡಲು ಚೆಂದವಿಲ್ಲವೆಂದು ಹಲವರು ಇದನ್ನು ಬೇಡವೆನ್ನುತ್ತಾರೆ. ಮೇ ತಿಂಗಳ ಮಧ್ಯಾಹ್ನ ಗೂಡಿನಲ್ಲಿ ಯಾವ ಕೋಳಿ ಬಾಯಿ ಮುಚ್ಚಿಕೊಂಡು ನಿಂತಿದೆ ಎಂದು ನೋಡಿದರೆ ಅಭಿಪ್ರಾಯ ಬದಲಾಗಬಹುದು.

ಸಾಕಣೆ ಹೇಗೆ? ಗೂಡು, ಮೇವು, ನೀರು

* ಜಾಗ: ಭಾರದ ತಳಿಗೆ ಗೂಡಿನೊಳಗೆ ತಲೆಗೆ ಕನಿಷ್ಠ 4 ಚದರಡಿ, ಓಡಾಡುವ ಜಾಲರಿ ಅಂಗಳದಲ್ಲಿ 10 ಚದರಡಿ ಇರಲಿ. ಮಳೆಗಾಲಕ್ಕೆ ನೆಲದಿಂದ ಎತ್ತರಿಸಿದ ಗೂಡು ಒಳ್ಳೆಯದು.

* ಕೂರುವ ಅಡ್ಡಪಟ್ಟಿ: ಒಂದು ಅಡಿಗಿಂತ ಎತ್ತರ ಬೇಡ. ಎತ್ತರದಿಂದ ಧುಮುಕಿದರೆ ಭಾರಕ್ಕೆ ಪಾದ ಒಡೆದು ಬಾವು ಕಟ್ಟುತ್ತದೆ.

* ಮರಿಗಳಿಗೆ ಶಾಖ: ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ನಿಂತರೆ ಚಳಿ, ಮೂಲೆಗೆ ಓಡಿದರೆ ಸೆಖೆ.

* ಮೇವು: ಮರಿಗಳಿಗೆ 20ರಿಂದ 22% ಪ್ರೋಟೀನ್ ಇರುವ ಮೇವು ಬೇಕು. ಎಂಟು ವಾರದ ಬಳಿಕ ತಳಿಗಾಗಿ ಉಳಿಸಿಕೊಳ್ಳುವ ಕೋಳಿಗೆ ಅಳತೆಯ ಮೇವು ಮಾತ್ರ. ಕೊಬ್ಬಿದ ಹೇಟೆ ಮೊಟ್ಟೆ ಇಡುವುದಿಲ್ಲ, ಕೊಬ್ಬಿದ ಹುಂಜ ಕೂಡುವುದಿಲ್ಲ.

* ತೆಂಗಿನ ಹಿಂಡಿ: ಕೇರಳದಲ್ಲಿ ಸುಲಭವಾಗಿ ಸಿಗುತ್ತದೆ, ಅಗ್ಗವೂ ಹೌದು. ಆದರೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ. ವಾಸನೆ ಬಂದ ಹಿಂಡಿಯನ್ನು ಒಣಗಿಸಿ ಹಾಕುವುದೂ ಅಪಾಯ, ಒಣಗಿಸಿದರೆ ಬೂಷ್ಟು ಹೋದರೂ ವಿಷ ಹೋಗುವುದಿಲ್ಲ.

* ಬೇಸಿಗೆ: ಮೇವನ್ನು ಬೆಳಗಿನ ಜಾವ ಮತ್ತು ಸಂಜೆ ಹಾಕಬೇಕು. ಮೇವು ಅರಗುವಾಗ ಮೈ ಬಿಸಿಯಾಗುವುದರಿಂದ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬರೀ ತಣ್ಣೀರು ಸಾಕು.

* ಕಾವಲು: ಮುಂಗುಸಿ, ಪುನುಗು ಬೆಕ್ಕು, ಬೀದಿ ನಾಯಿ, ಹಾವುಗಳಿಂದ ರಕ್ಷಣೆಗೆ ಅರ್ಧ ಇಂಚಿನ ಗಟ್ಟಿ ಜಾಲರಿ ಬೇಕು. ಕಾರ್ನಿಶ್ ಹಾರಿ ತಪ್ಪಿಸಿಕೊಳ್ಳುವ ಕೋಳಿಯಲ್ಲ.

ಮೊಟ್ಟೆ ಕಾವಿಗೆ ಇಡುವಾಗ

ಕೇರಳದಲ್ಲಿ ಕಾವಿಗೆ ಅನುಕೂಲದ ಸಮಯ ಹಿಂಗಾರು ಮುಗಿದ ಮೇಲೆ, ಡಿಸೆಂಬರ್ ಆಸುಪಾಸು. ಹೊರಬಂದ ಮರಿಗಳು ಬೇಸಿಗೆ ಏರುವ ಮುನ್ನ ಪುಕ್ಕ ಕಟ್ಟಿಕೊಂಡಿರುತ್ತವೆ, ಮುಂಗಾರಿನ ಹೊತ್ತಿಗೆ ಬಲಿತಿರುತ್ತವೆ.

ಮೊಟ್ಟೆಯನ್ನು ಕೂಡಿಡುವ ವಿಷಯದಲ್ಲಿ ಹಲವರು ಎಡವುತ್ತಾರೆ. ತಣ್ಣನೆಯ ಕೋಣೆಯಲ್ಲಿ, ಅಂದರೆ 16ರಿಂದ 18 ಡಿಗ್ರಿಯಲ್ಲಿ, ಮೊಟ್ಟೆಯನ್ನು ಒಂದು ವಾರ ಇಡಬಹುದು. ಕರಾವಳಿಯ ಮನೆಯ ಒಳಗೆ 30 ಡಿಗ್ರಿ ಇರುವಾಗ ಭ್ರೂಣ ಅರೆಬರೆ ಬೆಳೆಯಲು ಶುರುಮಾಡಿ ದುರ್ಬಲವಾಗುತ್ತದೆ. ಹಾಗಾಗಿ ಇಲ್ಲಿ ಮೂರು ನಾಲ್ಕು ದಿನದ ಒಳಗೆ ಕಾವಿಗೆ ಇಡುವುದು ಕ್ಷೇಮ.

ಇನ್‌ಕ್ಯುಬೇಟರ್ ಆದರೆ 37.5 ಡಿಗ್ರಿ ಉಷ್ಣಾಂಶ, ಮೊದಲ 18 ದಿನ ಸುಮಾರು 55% ತೇವ ಬೇಕು. ದಿನಕ್ಕೆ ಹಲವು ಬಾರಿ ಮೊಟ್ಟೆ ತಿರುಗಿಸಬೇಕು. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದರೆ ರಕ್ತನಾಳದ ಜಾಲ ಕಾಣುತ್ತದೆ. ಏನೂ ಕಾಣದ ಮೊಟ್ಟೆ ತೆಗೆದುಬಿಡಬಹುದು. 18ನೇ ದಿನದಿಂದ ತಿರುಗಿಸುವುದನ್ನು ನಿಲ್ಲಿಸಿ ತೇವವನ್ನು 65ರಿಂದ 70%ಗೆ ಏರಿಸಬೇಕು. 21ನೇ ದಿನ ಮರಿ ಹೊರಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುವ ಊರುಗಳಲ್ಲಿ ಬ್ಯಾಟರಿ ಬೆಂಬಲ ಇಲ್ಲದಿದ್ದರೆ ಕಾವು ಕೂರುವ ನಾಟಿ ಹೇಟೆಯೇ ನಂಬಿಕಸ್ಥ ಯಂತ್ರ. ಕಾರ್ನಿಶ್ ಹೇಟೆಗೂ ಕಾವು ಕೂರುವ ಗುಣವಿದೆ, ಆದರೆ ಭಾರಕ್ಕೆ ಮೊಟ್ಟೆ ಒಡೆಯುವ ಭಯ ಇದ್ದೇ ಇದೆ.

ಯಾವ ಹುಂಜ ಉಳಿಸಿಕೊಳ್ಳಬೇಕು?

ಹಿತ್ತಲಿನ ತಳಿ ಸಂವರ್ಧನೆಯ ಇಡೀ ಭವಿಷ್ಯ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಸಹಜವಾಗಿ ಎಲ್ಲರೂ ಗುಂಪಿನಲ್ಲೇ ದಪ್ಪನೆಯ ಹುಂಜವನ್ನು ಉಳಿಸಿಕೊಂಡು ಉಳಿದವನ್ನು ಅಡುಗೆಗೆ ಕಳಿಸುತ್ತಾರೆ. ನಾಲ್ಕೈದು ತಲೆಮಾರು ಹೀಗೆ ಮಾಡಿದರೆ ಕಾಲು ಸೋತ, ಮೊಟ್ಟೆ ಫಲಿಸದ ಗುಂಪು ಉಳಿಯುತ್ತದೆ.

ಮೊದಲು ನಡಿಗೆ ನೋಡಬೇಕು. ನೇರ ಕಾಲು, ನೇರ ಎದೆಮೂಳೆ, ಸೊಟ್ಟಗಾಗದ ಬೆರಳು, ಸೆಖೆಯ ಮಧ್ಯಾಹ್ನವೂ ಹೇಟೆಗಳ ಹಿಂದೆ ಓಡಾಡುವ ಉತ್ಸಾಹ ಇರಬೇಕು. ಆಮೇಲೆ ಎದೆಯ ಅಗಲ. ಅತಿ ಅಗಲದ್ದಕ್ಕಿಂತ ಎರಡನೇ ಸ್ಥಾನದ, ಚುರುಕಾದ ಹುಂಜವೇ ಒಳ್ಳೆಯ ತಂದೆ. ಹೇಟೆಗಳಲ್ಲಿ ಮೊಟ್ಟೆ ಲೆಕ್ಕ ಬರೆದಿಟ್ಟು, ಹೆಚ್ಚು ಇಡುವವನ್ನು ಉಳಿಸಬೇಕು. ಒಂದು ಹುಂಜಕ್ಕೆ ಆರರಿಂದ ಎಂಟು ಹೇಟೆ ಸಾಕು.

ಸಣ್ಣ ಗುಂಪಿನ ದೊಡ್ಡ ಶತ್ರು ರಕ್ತಸಂಬಂಧ. ಒಂದು ಹುಂಜ, ಆರು ಹೇಟೆಯ ಗುಂಪಿನೊಳಗೇ ಮರಿ ಮಾಡಿಸುತ್ತಾ ಹೋದರೆ ಪ್ರತಿ ತಲೆಮಾರಿಗೆ ಒಳಸಂತಾನದ ಪ್ರಮಾಣ ಸುಮಾರು 15% ಏರುತ್ತದೆ ಎನ್ನುತ್ತದೆ ತಳಿವಿಜ್ಞಾನದ ಸರಳ ಸೂತ್ರ. ಎರಡು ಹುಂಜ, ಹನ್ನೆರಡು ಹೇಟೆ ಇದ್ದರೆ ಅದು ಸುಮಾರು 7%ಗೆ ಇಳಿಯುತ್ತದೆ. ಅಷ್ಟು ಜಾಗವಿಲ್ಲದವರಿಗೆ ಸುಲಭದ ದಾರಿ ನೆರೆಯ ಸಾಕಣೆದಾರರ ಜೊತೆ ಹುಂಜ ಅದಲುಬದಲು. ಎರಡು ಮನೆ, ಎರಡು ಗುಂಪು, ವರ್ಷಕ್ಕೊಮ್ಮೆ ಗಂಡು ಮರಿಗಳ ವಿನಿಮಯ. ಹೊಸ ಹಕ್ಕಿಯನ್ನು ಕನಿಷ್ಠ ಎರಡು ವಾರ ಬೇರೆ ಇಟ್ಟು ನೋಡಿದ ಮೇಲೆಯೇ ಗುಂಪಿಗೆ ಸೇರಿಸಬೇಕು.

ಲಸಿಕೆ ತಪ್ಪಿಸಬೇಡಿ

ಕನ್ನಡ ನಾಡಿನಲ್ಲಿ ಕೊಕ್ಕರೆ ರೋಗ ಎಂದು ಕರೆಯುವ ರಾಣಿಖೇತ್ ಒಂದು ವಾರದಲ್ಲಿ ಇಡೀ ಹಿತ್ತಲನ್ನು ಖಾಲಿ ಮಾಡಬಲ್ಲದು. ಸಾಮಾನ್ಯವಾಗಿ 5ರಿಂದ 7ನೇ ದಿನ ರಾಣಿಖೇತ್‌ನ ಮೊದಲ ಲಸಿಕೆ, 14ನೇ ದಿನ ಗುಂಬೋರೋ, 21ರಿಂದ 28ನೇ ದಿನ ರಾಣಿಖೇತ್‌ನ ಬಲವರ್ಧಕ, ಆರನೇ ವಾರ ಸಿಡುಬು, ಎಂಟನೇ ವಾರ ರಾಣಿಖೇತ್‌ನ ಚುಚ್ಚುಮದ್ದು ಕೊಡಲಾಗುತ್ತದೆ. ಸ್ಥಳೀಯ ಸ್ಥಿತಿ ನೋಡಿ ಪಶುವೈದ್ಯರು ಇದನ್ನು ಬದಲಿಸಬಹುದು. ತಿರುವನಂತಪುರ ಜಿಲ್ಲೆಯ ಪಾಲೋಡಿನಲ್ಲಿ ಕೇರಳ ಸರ್ಕಾರದ ಲಸಿಕೆ ತಯಾರಿಕಾ ಸಂಸ್ಥೆಯಿದೆ.

ಲಸಿಕೆಯ ಶೀಶೆಗಳು ಹತ್ತು ಕೋಳಿಯ ಲೆಕ್ಕದಲ್ಲಿ ಬರುವುದಿಲ್ಲ, ನೂರರ ಲೆಕ್ಕದಲ್ಲಿ ಬರುತ್ತವೆ. ಬೆರೆಸಿದ ಮೇಲೆ ಸುಮಾರು ಎರಡು ಗಂಟೆಯೊಳಗೆ ಬಳಸಬೇಕು. ಬೀದಿಯ ನಾಲ್ಕಾರು ಮನೆಯವರು ಒಂದೇ ದಿನ ಲಸಿಕೆ ಹಾಕಿಸಿದರೆ ಖರ್ಚೂ ಉಳಿಯುತ್ತದೆ, ರೋಗ ಮನೆಯಿಂದ ಮನೆಗೆ ದಾಟುವುದೂ ತಪ್ಪುತ್ತದೆ.

ಹಕ್ಕಿ ಜ್ವರ: ತಳಿಯೇ ಅಳಿಯುವ ಅಪಾಯ

ಕೇರಳಕ್ಕೆ ಹಕ್ಕಿ ಜ್ವರ ಅಪರೂಪವಲ್ಲ. 2014ರಲ್ಲಿ ಕುಟ್ಟನಾಡಿನ ಬಾತುಕೋಳಿಗಳಲ್ಲಿ ಕಾಣಿಸಿಕೊಂಡ ರೋಗ ಮತ್ತೆ ಮತ್ತೆ ಮರಳಿದೆ. 2023ರ ಜನವರಿಯಲ್ಲಿ ತಿರುವನಂತಪುರ ಜಿಲ್ಲೆಯ ಅಳೂರು ಪಂಚಾಯಿತಿಯಲ್ಲೂ ರೋಗ ದೃಢಪಟ್ಟು ಕೋಳಿಗಳನ್ನು ಕೊಲ್ಲಬೇಕಾಯಿತು. ನಿಯಮದ ಪ್ರಕಾರ ರೋಗ ಕಂಡ ಜಾಗದಿಂದ 1 ಕಿಲೋಮೀಟರ್ ವ್ಯಾಪ್ತಿಯ ಸಾಕು ಹಕ್ಕಿಗಳನ್ನೆಲ್ಲ ಕೊಲ್ಲಲಾಗುತ್ತದೆ, 10 ಕಿಲೋಮೀಟರ್‌ವರೆಗೆ ನಿಗಾ ಇಡಲಾಗುತ್ತದೆ. ಆರೋಗ್ಯವಾಗಿರುವ ಹಿತ್ತಲ ಕೋಳಿಗೂ ವಿನಾಯಿತಿ ಇರುವುದಿಲ್ಲ.

2021ರ ಜನವರಿಯ ಹಕ್ಕಿ ಜ್ವರದ ವೇಳೆ ಕೇರಳ ಸರ್ಕಾರ ಎರಡು ತಿಂಗಳು ಮೀರಿದ ಹಕ್ಕಿಗೆ 200 ರೂಪಾಯಿ, ಅದಕ್ಕಿಂತ ಎಳೆಯದಕ್ಕೆ 100 ರೂಪಾಯಿ, ಮೊಟ್ಟೆಗೆ 5 ರೂಪಾಯಿ ಪರಿಹಾರ ಘೋಷಿಸಿತ್ತು. ಐದು ವರ್ಷ ಆಯ್ಕೆ ಮಾಡಿ ಕಟ್ಟಿದ ತಳಿಗೆ ಈ ಮೊತ್ತ ಯಾವ ಲೆಕ್ಕಕ್ಕೂ ಸಾಲದು. ಆದ್ದರಿಂದ ಒಳ್ಳೆಯ ವಂಶವನ್ನು ಒಂದೇ ಗೂಡಿನಲ್ಲಿ ಇಟ್ಟುಕೊಳ್ಳದೆ, ಬೇರೆ ತಾಲ್ಲೂಕಿನ ಪರಿಚಯದವರ ಮನೆಯಲ್ಲೂ ಒಂದು ಜೋಡಿ ಬೆಳೆಸುವುದು ಜಾಣತನ. ಕೋಳಿ, ಬಾತು ಅಥವಾ ಕಾಗೆಗಳು ಅಸಹಜವಾಗಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು.

ಕೊನೆಗೆ ಯಾರಿಗೆ ಯಾವುದು ಸರಿ?

ವರ್ಷಕ್ಕೆ ಒಂದೆರಡು ಸಲ ಹಬ್ಬಕ್ಕೆ, ನೆಂಟರಿಗೆ ಮನೆಯ ಕೋಳಿ ಬೇಕು ಎನ್ನುವವರಿಗೆ ಗಿರಿರಾಜ, ವನರಾಜ ಅಥವಾ ಗ್ರಾಮಶ್ರೀ ಮರಿಗಳೇ ಸಾಕು. ಪ್ರತಿ ಸಲ ಹೊಸ ಮರಿ ತಂದು ಬೆಳೆಸಬಹುದು.

ಸ್ವಂತ ಮಾಂಸದ ತಳಿ ಕಟ್ಟುವ ಆಸೆ ಇರುವವರು ಭಾರದ ಹುಂಜ ಮತ್ತು ಮೊಟ್ಟೆ ಚೆನ್ನಾಗಿ ಇಡುವ, ಸೆಖೆ ತಡೆಯುವ ಹೇಟೆಗಳಿಂದ ಆರಂಭಿಸುವುದು ಒಳ್ಳೆಯದು. ಹಗುರ ಹೇಟೆಗೆ 4 ಕಿಲೋ ಮೀರಿದ ಹುಂಜ ಬಿಟ್ಟರೆ ಬೆನ್ನಿಗೆ ಗಾಯವಾಗುತ್ತದೆ, ಆದ್ದರಿಂದ ಎಳೆಯ ಹುಂಜವನ್ನೇ ಬಳಸಬೇಕು.

ಶುದ್ಧ ಕಾರ್ನಿಶ್‌ನ್ನೇ ಸಾಕುತ್ತೇವೆ ಎನ್ನುವವರಿಗೆ ಅಡ್ಡಿಯಿಲ್ಲ. ಆದರೆ ಮೊಟ್ಟೆ ಕಡಿಮೆ, ಮರಿ ಕಡಿಮೆ, ಮೇವು ಹೆಚ್ಚು ಎಂಬ ಮೂರು ಮಾತನ್ನು ಮೊದಲೇ ಒಪ್ಪಿಕೊಂಡಿರಬೇಕು. ಹೆಚ್ಚು ಸಂಖ್ಯೆಯಲ್ಲಿ ಸಾಕುವ ಮುನ್ನ ಪಂಚಾಯಿತಿ ಅಥವಾ ನಗರಪಾಲಿಕೆಯ ಅನುಮತಿ ಬೇಕೇ ಎಂದು ವಿಚಾರಿಸಿಕೊಳ್ಳಬೇಕು.

ಮೂವರಿಗೂ ಅನ್ವಯಿಸುವ ಮಾತು ಒಂದೇ. ಅಡುಗೆಗೆ ಹೋಗುವ ಕೋಳಿಯಲ್ಲಿ ಎದೆ ನೋಡಿ, ಗೂಡಿನಲ್ಲಿ ಉಳಿಯುವ ಕೋಳಿಯಲ್ಲಿ ಕಾಲು ನೋಡಿ.